ಬಾಯಿಮಾತಿನಿಂದ ಕ್ರೈಸ್ತರಾಗುವೆವೇ?

ನಮ್ಮ ಧರ್ಮಕೇಂದ್ರವು ನೂರು ಸಂವತ್ಸರಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ ದೇವಾಲಯದ ಜ್ಞಾನಸ್ನಾನದ ದಾಖಲೆ ಪುಸ್ತಕಗಳನ್ನು ತೆರೆದು ನೋಡುವ ಭಾಗ್ಯ ನಮಗೆ ದೊರೆಯಿತು. ಹಳೆಯ ಪುಟಗಳಲ್ಲಿ ಬೇಸಾಯಗಾರರ ಹೆಸರುಗಳು. ಈಚಿನ ಪುಟಗಳಲ್ಲಿ ಕಾರ್ಖಾನೆಗಳಿಗೂ ಕಂಪ್ಯೂಟರ್ ಕಂಪೆನಿಗಳಿಗೂ ದೂರದ ಊರುಗಳಿಂದ ಬಂದು ನೆಲೆಸಿದವರ ಹೆಸರುಗಳು. ರಾಗಿ ಬೆಳೆಯುತ್ತಿದ್ದ ವೈಟ್‌ಫೀಲ್ಡ್ ಸೀಮೆ ಮಾರ್ಪಟ್ಟಂತೆ, ನಮ್ಮ ಬಾಗಿಲಿಗೆ ಬರುವವರ ಪ್ರಶ್ನೆಗಳೂ ಮಾರ್ಪಟ್ಟಿವೆ.

ಈಚೆಗೆ ಯುವಕನೊಬ್ಬನು ನಮ್ಮಲ್ಲಿಗೆ ಬಂದನು. ಜೊತೆಯಲ್ಲಿ ವಾಸಿಸುವ ಗೆಳೆಯರು ಕೊಟ್ಟ ಕರಪತ್ರವೊಂದರ ಕೊನೆಯಲ್ಲಿ ಅಚ್ಚಾಗಿದ್ದ ಪುಟ್ಟ ಪ್ರಾರ್ಥನೆಯನ್ನು ಅವನು ಒಂದು ರಾತ್ರಿ ಮನಸಾರೆ ಹೇಳಿದ್ದನಂತೆ. "ಸ್ವಾಮಿ, ನಾನೀಗ ಕ್ರೈಸ್ತನೇ ತಾನೆ?" ಎಂದು ಕೇಳಿದನು. ಹೌದೆಂದರೆ ಸತ್ಯಕ್ಕೆ ಕೊರತೆ. ಅಲ್ಲವೆಂದರೆ ಅವನ ಹೃದಯಕ್ಕೆ ನೋವು. ನಾವು ಕ್ಷಣಕಾಲ ಮೌನವಾದೆವು.

ಅಂತಹ ಪ್ರಾರ್ಥನೆಯು ಜನಪ್ರಿಯವಾದುದು 20ನೆಯ ಶತಮಾನದಲ್ಲಿ, ಅಮೆರಿಕದ ಬಿಲ್ಲಿ ಗ್ರಹಾಂ ಅವರ ಮಹಾಸಭೆಗಳು ಹಾಗೂ ಬಿಲ್ ಬ್ರೈಟ್ ಅವರ ಕಿರುಪುಸ್ತಿಕೆಯ ಮೂಲಕ. ಆದರೆ ಅದನ್ನು ಬಳಸುವವರಲ್ಲೇ ಶಂಕೆ ಮೂಡದಿರಲಿಲ್ಲ. 2012ರಲ್ಲಿ ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಸಮಾವೇಶವು ಆ ಪ್ರಾರ್ಥನೆಯನ್ನು ಎತ್ತಿಹಿಡಿಯಿತಾದರೂ, ಉಚ್ಚರಿಸಿದ ಮಾತ್ರಕ್ಕೆ ರಕ್ಷಣೆ ತರುವ ಮಂತ್ರ ಅದಲ್ಲವೆಂದು ಸ್ಪಷ್ಟಪಡಿಸಿತು.

ಈ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾ ಸೀಮೆಯ ಕ್ರೈಸ್ತರನ್ನು, ಆಂಗ್ಲರಿಗೆ ನೆರವಾದರೆಂಬ ಗುಮಾನಿಯಿಂದ, ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅನೇಕರು ಬಲವಂತಕ್ಕೆ ಮಣಿದು ಬೇರೆ ಧರ್ಮದ ಮಾತುಗಳನ್ನು ಉಚ್ಚರಿಸಬೇಕಾಯಿತು. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದಾಗ ಫ್ರಾನ್ಸಿನ ಗುರುಗಳಾದ ಅಬ್ಬೆ ದುಬ್ವಾ ಅಲ್ಲಿಗೆ ಬಂದರು. ಜನರು ಅವರನ್ನು 'ದೊಡ್ಡಸ್ವಾಮಿಯವರು' ಎಂದು ಕರೆಯುತ್ತಿದ್ದರು. ಸುಮಾರು 2,000 ಮಂದಿ ತಮ್ಮ ಬಳಿಗೆ ಬಂದರೆಂದು ಅವರು ಬರೆದಿದ್ದಾರೆ. ತಮ್ಮ ಧರ್ಮತ್ಯಾಗವು ಹೊರಗಿನದು ಮಾತ್ರ, ಅಂತರಂಗದಲ್ಲಿ ಕ್ರಿಸ್ತರನ್ನು ಬಿಟ್ಟಿರಲಿಲ್ಲ ಎಂಬುದು ಆ ಜನರ ನಿವೇದನೆಯಾಗಿತ್ತು. ಧರ್ಮಸಭೆಯು ಅವರನ್ನು ಮರಳಿ ಬರಮಾಡಿಕೊಂಡಿತು.

ಪ್ರಿಯ ಭಕ್ತಾದಿಗಳೇ, ಇಲ್ಲಿ ಒಂದು ಕ್ಷಣ ನಿಂತು ಯೋಚಿಸೋಣ. ಭಯದಿಂದ ನುಡಿದ ಮಾತು ಅವರ ವಿಶ್ವಾಸವನ್ನು ಅಳಿಸಲಾರದೆಂದು ನಾವು ಒಪ್ಪುವುದಾದರೆ, ಹೃದಯವಿಲ್ಲದೆ ನುಡಿದ ಮಾತು ವಿಶ್ವಾಸವನ್ನು ಹುಟ್ಟಿಸಲಾರದೆಂಬುದನ್ನೂ ಒಪ್ಪಲೇಬೇಕು. ದುಬ್ವಾ ಸ್ವಾಮಿಯವರು ಇದನ್ನು ಕಹಿಯಾಗಿಯೇ ಅರಿತರು. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ಲೆಕ್ಕ ಒಪ್ಪಿಸಿದ್ದಾರೆ: ತಾವು ಕ್ರೈಸ್ತರನ್ನಾಗಿಸಿದವರು 200ರಿಂದ 300 ಮಂದಿ, ಅವರಲ್ಲಿ ಹಲವರು ಬಂದದ್ದು ವಿವಾಹ ಸಂಬಂಧಕ್ಕಾಗಿ ಅಥವಾ ಬೇರೆ ಲಾಭಕ್ಕಾಗಿ. ಈ ನಾಡಿನಲ್ಲಿ ಮತಾಂತರದ ಕಾರ್ಯಕ್ಕೆ ಭವಿಷ್ಯವಿಲ್ಲವೆಂದೇ ಅವರು ನಿರಾಶರಾಗಿ ಬರೆದರು.

ಆದರೆ ಅವರ ಲೇಖನಿಗೆ ಅವರ ಕೈಗಳೇ ಉತ್ತರ ಕೊಟ್ಟಿವೆ. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಅವರು ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಕಲ್ಪಿಸಿದರು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕಾರ್ಯದಲ್ಲಿ ದುಡಿದರು. ಆ ಸಾತಹಳ್ಳಿಯಲ್ಲಿ ಇಂದಿಗೂ ಕ್ರೈಸ್ತ ಸಮುದಾಯವು ಬಾಳುತ್ತಿದೆ. ಒಂದು ದಿನದ ಮಾತಿನಿಂದ ಆಗದುದು ತಲೆಮಾರುಗಳ ಒಡನಾಟದಿಂದ ಆಯಿತು.

ಧರ್ಮಸಭೆಯ ಬೋಧನೆಯೂ ಇದೇ ಆಗಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ, ಬಲವಂತದಿಂದಾಗಲಿ ಆಮಿಷದಿಂದಾಗಲಿ ಯಾರನ್ನೂ ವಿಶ್ವಾಸಕ್ಕೆ ಸೆಳೆಯಬಾರದೆಂದು ವಿಧಿಸಿತು. ದೀಕ್ಷಾರ್ಥಿಗಳ ಶಿಕ್ಷಣವು ಬರಿಯ ತತ್ತ್ವಗಳ ವಿವರಣೆಯಲ್ಲ, ಕ್ರೈಸ್ತ ಬಾಳಿನ ಅಭ್ಯಾಸವೆಂದು ಬೋಧಿಸಿತು. 1983ರ ಧರ್ಮಸಭಾ ಕಾನೂನು ಸಂಹಿತೆಯ 865ನೆಯ ವಿಧಿಯಂತೆ, ವಯಸ್ಕರು ಜ್ಞಾನಸ್ನಾನದ ಇಚ್ಛೆಯನ್ನು ತಾವೇ ವ್ಯಕ್ತಪಡಿಸಿರಬೇಕು, ತಕ್ಕ ಬೋಧನೆ ಪಡೆದಿರಬೇಕು, ಕ್ರೈಸ್ತ ಜೀವನದಲ್ಲಿ ಪರೀಕ್ಷಿತರಾಗಿರಬೇಕು. ಮರಣದ ಅಪಾಯದಲ್ಲಿರುವವರಿಗೆ ಅದೇ ವಿಧಿಯು ಸಡಿಲಿಕೆ ನೀಡುತ್ತದೆ. ಶಿಲುಬೆಯ ಮೇಲೆ ಯೇಸುಸ್ವಾಮಿಯ ಪಕ್ಕದಲ್ಲಿದ್ದ ಕಳ್ಳನಿಗೆ ಒಂದೇ ಬಿನ್ನಹ ಸಾಕಾಯಿತಲ್ಲವೇ? ಅವನಿಗೆ ಉಳಿದಿದ್ದ ಬಾಳೆಲ್ಲವೂ ಆ ಒಂದು ಬಿನ್ನಹದಲ್ಲಿತ್ತು. ನಮಗಾದರೋ ಬದುಕಲು ದಿನಗಳಿವೆ.

ಆದ್ದರಿಂದ ಆ ಯುವಕನಿಗೆ ನಾವು ಹೀಗೆಂದೆವು: "ಮಗನೇ, ನೀನು ಬಾಗಿಲು ತಟ್ಟಿರುವೆ. ಅದನ್ನು ದೇವರು ಕೇಳಿದ್ದಾರೆ. ಇನ್ನು ಒಳಗೆ ಬಂದು ನಮ್ಮೊಡನೆ ನಡೆದು ನೋಡು. ಜ್ಞಾನಸ್ನಾನಕ್ಕೆ ಅವಸರವಿಲ್ಲ." ಅವನೀಗ ಭಾನುವಾರ ಸಂಜೆ ಧರ್ಮೋಪದೇಶದ ತರಗತಿಗೆ ಬರುತ್ತಿದ್ದಾನೆ. ಹಿಂದಿನ ಬೆಂಚಿನಲ್ಲಿ ಒಬ್ಬನೇ ಕುಳಿತಿರುತ್ತಾನೆ.

ಅವನನ್ನು ಕಂಡಾಗಲೆಲ್ಲ ನಮ್ಮನ್ನು ಕಾಡುವುದು ಅವನ ಪ್ರಶ್ನೆಯಲ್ಲ, ನಮ್ಮದೇ ಪ್ರಶ್ನೆ. ಎಳೆಗೂಸುಗಳಾಗಿದ್ದಾಗ ನಮ್ಮ ಪರವಾಗಿ ಬೇರೆಯವರು ಉತ್ತರ ಕೊಟ್ಟು ನಮಗೆ ಜ್ಞಾನಸ್ನಾನ ಮಾಡಿಸಿದರು. ವಿಶ್ವಾಸ ಪ್ರಮಾಣವನ್ನು ಭಾನುವಾರದಿಂದ ಭಾನುವಾರಕ್ಕೆ ತಪ್ಪಿಲ್ಲದೆ ಹೇಳುತ್ತೇವೆ. ಆದರೆ ಆ ಯುವಕನ ಪಕ್ಕದಲ್ಲಿ ಕುಳಿತು ಅವನ ಊರು, ಹೆಸರು ವಿಚಾರಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಶತಮಾನೋತ್ಸವದ ಈ ವರ್ಷದಲ್ಲಿ ನಾವು ಅಷ್ಟನ್ನಾದರೂ ಮಾಡೋಣ. ನಾಲಿಗೆಯಲ್ಲಿರುವ ಪ್ರಾರ್ಥನೆಯು ನಮ್ಮ ಬಾಳಿಗಿಳಿಯುವಂತೆ ಪ್ರಭುವು ನಮ್ಮೆಲ್ಲರನ್ನೂ ಆಶೀರ್ವದಿಸಲಿ.