ಪರೀಕ್ಷೆಗೆ ಹೆದರದ ವಿಶ್ವಾಸ



ನಮ್ಮ ಯುವಕೂಟದ ಕೆಲವರಿಗೆ ಒಬ್ಬ ಗೆಳೆಯನಿದ್ದಾನೆ. ಕಾಲೇಜಿನಲ್ಲಿ ನಮ್ಮ ಜೊತೆ ಓದಿದವನು, ದೇವರಿಲ್ಲ ಎನ್ನುವವನು. ಒಂದು ಸಂಜೆ ಬತ್ತೇರಿಯ ಚಹಾದಂಗಡಿಯಲ್ಲಿ ಕೂತಿದ್ದಾಗ ನಮ್ಮಲ್ಲೊಬ್ಬರು ಮೊಬೈಲಿಗೆ ಬಂದಿದ್ದ ವಿಡಿಯೋ ತೋರಿಸಿದರು. ಯಾವುದೋ ಊರಿನ ಮಾತೆಯ ಪ್ರತಿಮೆ, ಕಣ್ಣಲ್ಲಿ ನೀರು. ಅವನು ನಗಲಿಲ್ಲ. "ಲ್ಯಾಬಲ್ಲಿ ಒಂದು ರೀಡಿಂಗ್ ಬಂದ್ರೆ ಮೂರು ಸಲ ನೋಡ್ತೀರಲ್ಲ, ಇದನ್ನ ಒಂದು ಸಲನಾದ್ರೂ ನೋಡಿದ್ರಾ?" ಎಂದು ಕೇಳಿದ.

ನಮಗೆ ಉತ್ತರ ಹೊಳೆಯಲಿಲ್ಲ. ವಿಷಯ ತಿಳಿದ ಒಬ್ಬ ತಾಯಿ, "ಅವನ ಸಹವಾಸ ಬಿಟ್ಟುಬಿಡಿ" ಎಂದರು. ಅವರ ಆತಂಕ ನಮಗೆ ಅರ್ಥವಾಗುತ್ತದೆ. ಆದರೂ ಸಹವಾಸ ಬಿಡುವ ಮೊದಲು ಇಂಥ ಪ್ರಶ್ನೆಗಳನ್ನು ಹಿಂದಿನವರು ಹೇಗೆ ಎದುರಿಸಿದರು ಎಂದು ಓದೋಣ ಅನ್ನಿಸಿತು. ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಕೇರಳದ ದೊಡ್ಡ ನಾಸ್ತಿಕರಲ್ಲಿ ಹಲವರು ನಮ್ಮಂಥ ಮನೆಗಳಿಂದಲೇ ಬಂದವರು. 1898ರಲ್ಲಿ ತಿರುವಲ್ಲಾದಲ್ಲಿ ಹುಟ್ಟಿದ ಅಬ್ರಹಾಂ ಕೋವೂರರ ತಂದೆ ಮಾರ್ತೋಮಾ ಸಭೆಯ ಗುರು. ಮಗ ಸಸ್ಯಶಾಸ್ತ್ರ ಓದಿ ಸಿಲೋನಿನಲ್ಲಿ ಮೇಷ್ಟರಾದರು. ನಿವೃತ್ತರಾದ ಮೇಲೆ, ಮೋಸಕ್ಕೆ ಅವಕಾಶವಿಲ್ಲದ ಕಡೆ ಯಾರಾದರೂ ಪವಾಡ ಮಾಡಿ ತೋರಿಸಿದರೆ ಒಂದು ಲಕ್ಷ ರೂಪಾಯಿ ಕೊಡುತ್ತೇನೆಂದು ಸವಾಲು ಹಾಕಿದರು. 1978ರಲ್ಲಿ ತೀರಿಕೊಳ್ಳುವವರೆಗೂ ಆ ಹಣ ಯಾರ ಪಾಲಾಗಲಿಲ್ಲ. ಕರ್ನಾಟಕದಲ್ಲಿ ಭೌತಶಾಸ್ತ್ರಜ್ಞ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸಲು ಒಂದು ಸಮಿತಿಯನ್ನೇ ರಚಿಸಿದರು. ಅವರು ಖಾದಿ ತೊಟ್ಟ ಗಾಂಧಿವಾದಿ, ಸರಳ ಬದುಕಿನವರು. ಪ್ರಶ್ನೆ ಕೇಳುವವರೆಲ್ಲ ನೀತಿಗೆಟ್ಟವರು ಎಂಬ ಮಾತು ಇಂಥವರ ಮುಂದೆ ನಿಲ್ಲುವುದಿಲ್ಲ.

ನಮ್ಮ ಮಾತು ನಿಲ್ಲದೇ ಹೋದ ಒಂದು ಘಟನೆಯನ್ನೂ ಒಪ್ಪಿಕೊಳ್ಳಬೇಕು. 2012ರಲ್ಲಿ ಮುಂಬೈನ ಇರ್ಲಾದಲ್ಲಿ, ವೇಲಾಂಕಣಿ ಮಾತೆಯ ದೇವಾಲಯದ ಶಿಲುಬೆಯ ಯೇಸುವಿನ ಪಾದದಿಂದ ನೀರು ತೊಟ್ಟಿಕ್ಕತೊಡಗಿತು. ಜನ ಅದನ್ನು ಭಕ್ತಿಯಿಂದ ಸಂಗ್ರಹಿಸಿದರು. ಕೇರಳ ಮೂಲದ ವಿಚಾರವಾದಿ ಸನಲ್ ಎಡಮರುಕು ಹೋಗಿ ನೋಡಿದರು. ಹತ್ತಿರದ ಶೌಚಾಲಯದ ಕೊಳವೆ ಕಟ್ಟಿಕೊಂಡು, ನೀರು ಗೋಡೆಗೆ ಇಳಿದು, ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಮೇಲೇರಿ ಶಿಲುಬೆಯಿಂದ ಹೊರಬರುತ್ತಿದೆ ಎಂದು ತೋರಿಸಿದರು. ಬಿಎಸ್ಸಿ ಓದಿದ ನಮಗೆ ಇದು ಮೊದಲ ವರ್ಷದ ಪಾಠ. ಆದರೆ ಕೆಲವು ಕ್ರೈಸ್ತ ಸಂಘಟನೆಗಳು ಭಾರತೀಯ ದಂಡಸಂಹಿತೆಯ 295ಎ ಕಲಮಿನಡಿ ಅವರ ಮೇಲೆ ದೂರು ಕೊಟ್ಟವು. ಅವರು ದೇಶ ಬಿಟ್ಟು ಫಿನ್ಲೆಂಡಿಗೆ ಹೋದರು. ಟೀವಿಯಲ್ಲಿ ಅವರು ಸಭೆಯ ಬಗ್ಗೆ ಕಟುವಾಗಿ ಮಾತಾಡಿದ್ದು ನಮಗೂ ನೋವಿನದೇ. ಹಾಗಿದ್ದರೂ, ಕೊಳಚೆ ನೀರು ಕುಡಿಯುತ್ತಿದ್ದವರಿಗೆ ಸತ್ಯ ಹೇಳಿದವರಿಗೆ ನಾವು ಕೊಟ್ಟ ಉತ್ತರ ಪೊಲೀಸ್ ದೂರು. ಇದನ್ನು ಗೆಳೆಯನ ಮುಂದೆ ಸಮರ್ಥಿಸಲು ನಮ್ಮಿಂದ ಆಗಲಿಲ್ಲ.

ಹಾಗಾದರೆ ಪರೀಕ್ಷೆ ಮಾಡುವುದು ನಾಸ್ತಿಕರ ಕೆಲಸ ಮಾತ್ರವೇ? ಉತ್ತರ ನಮ್ಮ ಜಿಲ್ಲೆಯ ಪಳ್ಳಿಕುನ್ನಿನ ಲೂರ್ದು ಮಾತೆಯ ಹೆಸರಿನಲ್ಲೇ ಇದೆ. ಫೆಬ್ರವರಿ ಹಬ್ಬಕ್ಕೆ ಅಲ್ಲಿಗೆ ಹೋಗದ ಮನೆ ನಮ್ಮಲ್ಲಿ ಕಡಿಮೆ. ವಯನಾಡು ಮೈಸೂರು ಧರ್ಮಪ್ರಾಂತ್ಯದ ಕೈಯಲ್ಲಿದ್ದ ಕಾಲದಲ್ಲಿ ಫ್ರೆಂಚ್ ಗುರುಗಳು ಆ ಭಕ್ತಿಯನ್ನು ಇಲ್ಲಿಗೆ ತಂದರು. 1858ರಲ್ಲಿ ಹದಿನಾಲ್ಕು ವರ್ಷದ ಬರ್ನದೆತ್ತಳಿಗೆ ಮಾತೆಯ ದರ್ಶನವಾದ ಫ್ರಾನ್ಸಿನ ಆ ಲೂರ್ದಿನಲ್ಲಿ, 1883ರಿಂದ ಒಂದು ವೈದ್ಯಕೀಯ ಕಚೇರಿ ಇದೆ. ವಾಸಿಯಾಯಿತು ಎಂದು ಬಂದವರ ಕಾಗದಪತ್ರಗಳನ್ನು ವೈದ್ಯರು ಅಲ್ಲಿ ಪರಿಶೀಲಿಸುತ್ತಾರೆ. ಯಾವ ಧರ್ಮದ ವೈದ್ಯರಾದರೂ, ಧರ್ಮವೇ ಇಲ್ಲದವರಾದರೂ, ಭಾಗವಹಿಸಬಹುದು. ಕಾಯಿಲೆ ಗಂಭೀರವಾಗಿತ್ತೇ, ಔಷಧಿಯಿಂದ ಗುಣವಾಯಿತೇ, ಮತ್ತೆ ಮರುಕಳಿಸಿತೇ ಎಂದು ವರ್ಷಗಟ್ಟಲೆ ನೋಡುತ್ತಾರೆ. ದಾಖಲಾದ ಏಳು ಸಾವಿರಕ್ಕೂ ಹೆಚ್ಚು ಪ್ರಕರಣಗಳಲ್ಲಿ 2018ರ ವೇಳೆಗೆ ಧರ್ಮಸಭೆ ಪವಾಡವೆಂದು ಒಪ್ಪಿದ್ದು 70 ಮಾತ್ರ.

ಇದರಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅಲೆಕ್ಸಿ ಕರೆಲ್ ಎಂಬ ವೈದ್ಯರ ಕಥೆ. 1902ರಲ್ಲಿ ಅವರು ಸಂಶಯವಾದಿಯಾಗಿ ರೋಗಿಗಳ ರೈಲಿನಲ್ಲಿ ಲೂರ್ದಿಗೆ ಹೋದರು. ಹೊಟ್ಟೆಯ ಕ್ಷಯದಿಂದ ಸಾಯುವ ಸ್ಥಿತಿಯಲ್ಲಿದ್ದ ಮರಿ ಬೈಯಿ ಎಂಬ ಯುವತಿ ಕಣ್ಣೆದುರೇ ಚೇತರಿಸಿಕೊಂಡಳು. ಕಂಡದ್ದನ್ನು ಹೇಳಿದ್ದಕ್ಕೆ ಅವರು ತಮ್ಮ ಊರಿನ ವೈದ್ಯರ ಸಿಟ್ಟಿಗೆ ಗುರಿಯಾದರು. 1912ರಲ್ಲಿ ಅವರಿಗೆ ನೊಬೆಲ್ ಬಂತು. ನೊಬೆಲ್ ಪಡೆದವರೇ ಸಾಕ್ಷಿ, ಇನ್ನೇನು ಬೇಕು ಎಂದು ನಾವು ಕುಣಿಯಬಹುದಿತ್ತು. ಆದರೆ 1964ರಲ್ಲಿ ಲೂರ್ದಿನ ವೈದ್ಯಕೀಯ ಸಮಿತಿ ಆ ಪ್ರಕರಣವನ್ನು ಒಪ್ಪಲಿಲ್ಲ. ಕಾಯಿಲೆಗೆ ಮಾನಸಿಕ ಕಾರಣ ಇದ್ದಿರಬಹುದು ಎಂಬುದನ್ನು ಮೊದಲಿನ ವೈದ್ಯರು ಸರಿಯಾಗಿ ತಳ್ಳಿಹಾಕಿಲ್ಲ ಎಂಬುದು ಅವರ ಕಾರಣ. ಇದನ್ನು ಹೇಳಿದಾಗ ನಮ್ಮ ಗೆಳೆಯ ಸುಮ್ಮನಾದ. ಆಮೇಲೆ, "ಇದು ನನಗೆ ಗೊತ್ತಿರಲಿಲ್ಲ ಕಣ್ರೋ" ಎಂದ.

ಮುಂದಿನ ವಾರ ಅವನು ಇನ್ನೊಂದು ಪ್ರಶ್ನೆ ತಂದ. ಯೇಸು ಬದುಕಿದ್ದೇ ಸುಳ್ಳು ಎಂದು ಸನಲರ ತಂದೆ ಜೋಸೆಫ್ ಎಡಮರುಕು ಮಲಯಾಳದಲ್ಲಿ ಪುಸ್ತಕವನ್ನೇ ಬರೆದಿದ್ದಾರಲ್ಲ? ಇಲ್ಲಿ ಇತಿಹಾಸ ನಮಗೆ ನೆರವಾಯಿತು. ಕ್ರೈಸ್ತರನ್ನು ತಿರಸ್ಕಾರದಿಂದ ಕಂಡ ರೋಮಿನ ಟ್ಯಾಸಿಟಸ್, ಸುಮಾರು 116ರಲ್ಲಿ, ಪಿಲಾತನ ಕೈಯಲ್ಲಿ ಕ್ರಿಸ್ತನಿಗೆ ಮರಣದಂಡನೆಯಾದದ್ದನ್ನು ಬರೆದಿದ್ದಾನೆ. ಯೆಹೂದಿ ಇತಿಹಾಸಕಾರ ಜೋಸೆಫಸನೂ ಯೇಸುವನ್ನು ಹೆಸರಿಸುತ್ತಾನೆ. ಅವನ ಒಂದು ಭಾಗದಲ್ಲಿ ನಂತರದ ಕ್ರೈಸ್ತರ ಕೈಯಾಡಿದೆ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಅದನ್ನೂ ನಾವು ಮುಚ್ಚಿಡಲಿಲ್ಲ. ದೇವರನ್ನು ನಂಬದ ಅಮೆರಿಕದ ವಿದ್ವಾಂಸ ಬಾರ್ಟ್ ಎರ್ಮನ್, ಯೇಸು ಬದುಕಿದ್ದು ನಿಜವೆಂದು ವಾದಿಸಿ 2012ರಲ್ಲಿ ಪುಸ್ತಕ ಬರೆದರು. ಗೆಳೆಯ ಇಷ್ಟನ್ನು ಒಪ್ಪಿದ.

ಪುನರುತ್ಥಾನ? ಯೇಸು ಮರಣಹೊಂದಿ ಸುಮಾರು ಇಪ್ಪತ್ತೈದು ವರ್ಷದೊಳಗೆ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ಎದ್ದುಬಂದ ಯೇಸುವನ್ನು ಕಂಡವರ ಪಟ್ಟಿಯೇ ಇದೆ. ಕ್ರಿಸ್ತ ಏಳದಿದ್ದರೆ ನಮ್ಮ ವಿಶ್ವಾಸಕ್ಕೆ ಅರ್ಥವೇ ಇಲ್ಲ ಎಂದೂ ಪೌಲರು ಹೇಳುತ್ತಾರೆ. ಅಂದರೆ ತಮ್ಮ ವಿಶ್ವಾಸವನ್ನು ಅವರೇ ಪರೀಕ್ಷೆಗೆ ಒಡ್ಡಿದ್ದಾರೆ. ಶಿಷ್ಯರು ಹಾಗೆ ಸಾರಿದರು, ಅದಕ್ಕಾಗಿ ಕಷ್ಟಪಟ್ಟರು ಎಂಬಲ್ಲಿಗೆ ಇತಿಹಾಸ ನಮ್ಮನ್ನು ತಂದು ಬಿಡುತ್ತದೆ. ಮುಂದಿನ ಹೆಜ್ಜೆ ವಿಶ್ವಾಸದ್ದು. ಅದನ್ನು ಪ್ರಯೋಗಾಲಯದ ಫಲಿತಾಂಶ ಎಂದು ನಾವು ಹೇಳಬಾರದು.

ಕೊನೆಯ ಪ್ರಶ್ನೆಯನ್ನು ಅವನು ಬಾಯಿಬಿಟ್ಟು ಕೇಳಲಿಲ್ಲ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಗುಡ್ಡ ಕುಸಿಯಿತು. ನಾವೂ ಅವನೂ ಒಂದೇ ಪರಿಹಾರ ಶಿಬಿರದಲ್ಲಿ ಅಕ್ಕಿಮೂಟೆ ಇಳಿಸಿದೆವು. ಗುರುತು ಸಿಗದ ದೇಹಗಳನ್ನು ಪುತ್ತುಮಲದಲ್ಲಿ ಸರ್ವಧರ್ಮ ಪ್ರಾರ್ಥನೆಯೊಂದಿಗೆ ಮಣ್ಣು ಮಾಡಿದರು. ಆ ಸಮಾಧಿಗಳ ಮೇಲೆ ಹೆಸರಿನ ಬದಲು ನಂಬರ್. ಅಲ್ಲಿ ನಾವು ಜಪಸರ ಹಿಡಿದು ನಿಂತಾಗ ಅವನೂ ಪಕ್ಕದಲ್ಲಿ ತಲೆಬಾಗಿ ನಿಂತಿದ್ದ. ದೇವರು ಆ ರಾತ್ರಿ ಎಲ್ಲಿದ್ದ ಎಂಬುದಕ್ಕೆ ನಮ್ಮ ಬಳಿ ಅವನನ್ನು ಗೆಲ್ಲುವಂಥ ಉತ್ತರವಿಲ್ಲ. ಶಿಲುಬೆಯ ಮೇಲೆ ಯೇಸುವೂ ಅದನ್ನೇ ಕೂಗಿ ಕೇಳಿದರು ಎಂಬುದೊಂದೇ ನಮಗೆ ಆಸರೆ.

ಸಂಶಯಪಟ್ಟ ತೋಮನನ್ನು ಯೇಸು ಹೊರಗೆ ಹಾಕಲಿಲ್ಲ, ಗಾಯಗಳನ್ನು ಮುಟ್ಟಿ ನೋಡಲು ಕರೆದರು. ಆ ತೋಮನೇ ನಮ್ಮ ಕರಾವಳಿಗೆ ಶುಭಸಂದೇಶ ತಂದರು ಎಂದು ಕೇರಳದ ಕ್ರೈಸ್ತರು ತಲೆತಲಾಂತರದಿಂದ ನಂಬಿಕೊಂಡು ಬಂದಿದ್ದಾರೆ. ಆದ್ದರಿಂದ ಮಿತ್ರರೇ, ಪರಿಶೀಲಿಸದ ಪವಾಡದ ವಿಡಿಯೋ ಬಂದರೆ ಮುಂದಕ್ಕೆ ಕಳಿಸಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಹಿರಿಯರೇ, ನಿಮ್ಮ ಮಕ್ಕಳ ನಾಸ್ತಿಕ ಗೆಳೆಯರು ಮನೆಗೆ ಬಂದರೆ ಚಹಾ ಕೊಡಿ. ನಮ್ಮ ಗೆಳೆಯ ಇನ್ನೂ ನಂಬುವುದಿಲ್ಲ. ಭಾನುವಾರ ಪೂಜೆ ಮುಗಿಯುವ ಹೊತ್ತಿಗೆ ದೇವಾಲಯದ ಮೆಟ್ಟಿಲ ಬಳಿ ನಮಗಾಗಿ ಕಾಯುತ್ತಿರುತ್ತಾನೆ, ಹೊಸ ಪ್ರಶ್ನೆಯೊಂದನ್ನು ಹೊತ್ತು.