ಬೆಂಗಳೂರಿನಲ್ಲಿ ಭಂಗಿ ಗಿಡದ ಕಾನೂನುಬದ್ಧ ಉದ್ಯಮ

ಭಂಗಿ ಗಿಡದ ಬೀಜ, ನಾರು, ಎಲೆಗಳಿಂದ ಆಹಾರ, ಬಟ್ಟೆ, ಔಷಧ ತಯಾರಿಸಿ ಕಾನೂನಿಗೆ ಒಳಪಟ್ಟು ಮಾರುವ ಉದ್ಯಮ. ಬೆಂಗಳೂರಿನಲ್ಲಿ ಇದು ತಲೆಯೆತ್ತಿದ್ದು 2010ರ ದಶಕದ ಕೊನೆಯಲ್ಲಿ. ಬಂಡವಾಳ, ವೈದ್ಯರು, ಗ್ರಾಹಕರು, ಆನ್‌ಲೈನ್ ಮಾರಾಟದ ಅನುಭವ ಎಲ್ಲವೂ ಈ ಊರಿನಲ್ಲಿವೆ. ಬೆಳೆ ಮಾತ್ರ ಇಲ್ಲಿಯದಲ್ಲ. ಬೆನ್ಸನ್ ಟೌನ್, ಇಂದಿರಾನಗರದ ಮನೆ ಬಾಗಿಲಿಗೆ ಬರುವ ಹೆಂಪ್ ಬೀಜದ ಪೊಟ್ಟಣದ ಹಿಂದೆ ಹಿಮಾಲಯದ ತಪ್ಪಲಿನ ಹೊಲ ಇರುತ್ತದೆ, ಕೋಲಾರದ್ದೋ ಚಾಮರಾಜನಗರದ್ದೋ ಇರುವುದಿಲ್ಲ. ಈ ಉದ್ಯಮದ ಅವಕಾಶ, ತೊಡಕು ಎರಡೂ ಈ ಒಂದು ಸಂಗತಿಗೇ ಬಂದು ಸೇರುತ್ತವೆ.

ಗಿಡ

ಗಾಂಜಾ, ಚರಸ್, ಭಂಗಿ, ಹೆಂಪ್ ಎಲ್ಲವೂ ಕ್ಯಾನಬಿಸ್ ಸಟೈವಾ ಎಂಬ ಒಂದೇ ಜಾತಿಯ ಗಿಡದಿಂದ ಬರುತ್ತವೆ. ಹೆಣ್ಣು ಗಿಡದ ಹೂತೆನೆ ಗಾಂಜಾ, ಅದರ ಅಂಟು ಚರಸ್, ಎಲೆಯನ್ನು ಅರೆದದ್ದು ಭಂಗಿ. ಮತ್ತು ಬರಿಸುವ ಅಂಶ ಟಿಎಚ್‌ಸಿ. ಮತ್ತು ಬರಿಸದ, ಔಷಧಿಯಾಗಿ ಹೆಸರು ಮಾಡಿರುವ ಇನ್ನೊಂದು ಅಂಶ ಸಿಬಿಡಿ. ಟಿಎಚ್‌ಸಿ ಅತ್ಯಲ್ಪವಾಗಿರುವ ತಳಿಗಳನ್ನು ಹೆಂಪ್ ಎಂದು ಕರೆಯುವುದು ರೂಢಿ. ಹಲವು ದೇಶಗಳು ಅದಕ್ಕೆ ಇಟ್ಟುಕೊಂಡಿರುವ ಮಿತಿ ಶೇ. 0.3. ಸಸ್ಯವಿಜ್ಞಾನಿಗಳಾದ ಅರ್ನೆಸ್ಟ್ ಸ್ಮಾಲ್ ಮತ್ತು ಆರ್ಥರ್ ಕ್ರಾಂಕ್ವಿಸ್ಟ್ 1976ರಲ್ಲಿ ವರ್ಗೀಕರಣದ ಅನುಕೂಲಕ್ಕೆಂದು ಎಳೆದ ಗೆರೆ ಅದು. ಇಂದು ರೈತನೊಬ್ಬ ಬೆಳೆಗಾರನೋ ಅಪರಾಧಿಯೋ ಎಂಬುದನ್ನು ಅದೇ ಗೆರೆ ತೀರ್ಮಾನಿಸುತ್ತಿದೆ.

ಕರ್ನಾಟಕದ ರೈತರು ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಅಪ್ಸೆಣಬು ಬೇರೆಯೇ ಗಿಡ, ಹುರುಳಿ, ಅವರೆಗಳ ಕುಟುಂಬಕ್ಕೆ ಸೇರಿದ್ದು. ನಾರಿಗಾಗಿಯೂ ಸೊಪ್ಪಿಗಾಗಿಯೂ ಬೆಳೆಯುವ ಪುಂಡಿಯ ಶಾಸ್ತ್ರೀಯ ಹೆಸರಿನಲ್ಲಿ ‘ಕ್ಯಾನಬಿನಸ್’ ಎಂದಿದ್ದರೂ ಅದು ದಾಸವಾಳದ ನಂಟಿನದು. ಈ ಎರಡಕ್ಕೂ ಯಾವ ಪರವಾನಗಿಯೂ ಬೇಕಿಲ್ಲ.

ಅಬಕಾರಿಯ ಕಾಲ

ಬ್ರಿಟಿಷರ ಕಾಲದಲ್ಲಿ ಗಾಂಜಾ ನಿಷಿದ್ಧ ವಸ್ತುವಾಗಿರಲಿಲ್ಲ, ತೆರಿಗೆ ತರುವ ವಸ್ತುವಾಗಿತ್ತು. ಗಾಂಜಾ ಸೇವನೆ ಹುಚ್ಚು ಹಿಡಿಸುತ್ತದೆಯೇ ಎಂಬ ಪ್ರಶ್ನೆ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಎದ್ದಾಗ 1893ರಲ್ಲಿ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ನೇಮಕವಾಯಿತು. ಮ್ಯಾಕ್‌ವರ್ತ್ ಯಂಗ್ ಅದರ ಅಧ್ಯಕ್ಷರು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ 1894ರಲ್ಲಿ ಅದು ಒಪ್ಪಿಸಿದ ವರದಿಯ ಸಾರ ಇಷ್ಟು: ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದರೆ ಹಾನಿ ನಿಜ; ಪೂರ್ತಿ ನಿಷೇಧ ಬೇಡ, ಪರವಾನಗಿ ಮತ್ತು ತೆರಿಗೆಯಿಂದ ಹತೋಟಿಯಲ್ಲಿಡಬೇಕು. ಈಗಿನ ಚರ್ಚೆಗಳಲ್ಲಿ ಎರಡು ಕಡೆಯವರೂ ಹೇಳುವ ಮಾತುಗಳಲ್ಲಿ ಹೆಚ್ಚಿನವು ಆ ಸಂಪುಟಗಳಲ್ಲಿ ಆಗಲೇ ದಾಖಲಾಗಿವೆ.

ಬೆಂಗಳೂರು ಆಗ ಎರಡು ಆಡಳಿತಗಳ ಊರು. ಬೆನ್ಸನ್ ಟೌನ್, ಫ್ರೇಜರ್ ಟೌನ್, ಕಾಕ್ಸ್ ಟೌನ್‌ಗಳು ಬೆಳೆದ ದಂಡು ಪ್ರದೇಶ 1881ರಿಂದ 1947ರವರೆಗೆ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿತ್ತು. ಪೇಟೆ ಮೈಸೂರು ಅರಸರದು. ಸಂಸ್ಥಾನದಲ್ಲಿ 1901ರ ಅಬಕಾರಿ ಕಾನೂನು ಜಾರಿಯಲ್ಲಿತ್ತು. ಏಕೀಕರಣದ ನಂತರವೂ ಹಳೆ ಮೈಸೂರು, ಮದರಾಸು, ಮುಂಬೈ, ಹೈದರಾಬಾದ್ ಭಾಗಗಳು ಬೇರೆ ಬೇರೆ ಕಾನೂನು ಹೊತ್ತುಕೊಂಡೇ ಬಂದವು. ಇಡೀ ರಾಜ್ಯಕ್ಕೆ ಒಂದೇ ಅಬಕಾರಿ ಕಾಯ್ದೆ ರೂಪುಗೊಂಡಿದ್ದು 1965ರಲ್ಲಿ.

ಔಷಧಿಯಾಗಿ ಈ ಗಿಡದ ಬಳಕೆ ಇದಕ್ಕಿಂತ ಬಹಳ ಹಳೆಯದು. ಆಯುರ್ವೇದ ಅದನ್ನು ವಿಜಯಾ ಎಂದು ಕರೆಯುತ್ತದೆ. ಜಾತೀಫಲಾದಿ ಚೂರ್ಣದಂಥ ಯೋಗಗಳಲ್ಲಿ ಅದಕ್ಕೆ ಸ್ಥಾನವಿದೆ. ಬಳಸುವ ಮೊದಲು ಶೋಧನೆ ಮಾಡಬೇಕೆಂಬ ಕಟ್ಟುನಿಟ್ಟೂ ಇದೆ. ಉತ್ತರ ಕರ್ನಾಟಕದ ಕೆಲವು ಅವಧೂತ, ಆರೂಢ ಪರಂಪರೆಗಳಲ್ಲಿ ಗಾಂಜಾ ಪ್ರಸಾದವೂ ಸಾಧನೆಯ ಸಾಮಗ್ರಿಯೂ ಆಗಿರುವುದು, ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯ ಉದಾಹರಣೆಯೊಂದಿಗೆ, 2020ರಲ್ಲಿ ಪತ್ರಿಕೆಗಳಲ್ಲಿ ವರದಿಯಾಯಿತು.

1985 ಮತ್ತು ಉಳಿದ ಸಂದುಗಳು

ಮಾದಕ ವಸ್ತುಗಳ ಕುರಿತ 1961ರ ವಿಶ್ವಸಂಸ್ಥೆಯ ಒಪ್ಪಂದ ಔಷಧೇತರ ಬಳಕೆಯನ್ನು 25 ವರ್ಷಗಳೊಳಗೆ ನಿಲ್ಲಿಸಬೇಕೆಂದು ಗಡುವು ಕೊಟ್ಟಿತ್ತು. ಆ ಗಡುವು ಹತ್ತಿರವಾದಾಗ ಭಾರತ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆ ತಂದಿತು. 1985ರ ನವೆಂಬರ್ 14ರಂದು ಅದು ಜಾರಿಗೆ ಬಂತು. ಅದರ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತೆನೆ. ತೆನೆಯ ಜೊತೆಗಿಲ್ಲದ ಎಲೆ ಮತ್ತು ಬೀಜ ಅದರೊಳಗೆ ಬರುವುದಿಲ್ಲ. ಅದಕ್ಕೂ ಹಿಂದಿನ 1930ರ ಅಪಾಯಕರ ಮಾದಕ ವಸ್ತುಗಳ ಕಾಯ್ದೆಯಲ್ಲಿ ಎಲೆ, ಭಂಗಿಗಳೂ ಸೇರಿದ್ದವು. ಹೊಸ ಕಾಯ್ದೆ ಅವನ್ನು ಕೈಬಿಟ್ಟಿದ್ದರಿಂದಲೇ ಇಂದಿನ ಉದ್ಯಮಕ್ಕೆ ನಿಲ್ಲಲು ನೆಲ ಸಿಕ್ಕಿದೆ.

ಶಿಕ್ಷೆ ಮಾತ್ರ ಕಠಿಣ. 20 ಕಿಲೋ ಗಾಂಜಾ ವಾಣಿಜ್ಯ ಪ್ರಮಾಣದ ಗಡಿ. ಅದಕ್ಕೆ ಮೀರಿದರೆ 10ರಿಂದ 20 ವರ್ಷ ಸೆರೆ. ಪರವಾನಗಿಯಿಲ್ಲದೆ ಗಿಡ ಬೆಳೆದರೆ 10 ವರ್ಷದವರೆಗೆ ಜೈಲು. ಹನೂರು, ಮಲೆಮಹದೇಶ್ವರ ಬೆಟ್ಟದ ಸುತ್ತ ಜೋಳ, ಅರಿಶಿನದ ಸಾಲುಗಳ ನಡುವೆ ಗಾಂಜಾ ಸಿಕ್ಕಿತೆಂಬ ಸುದ್ದಿ ಆಗಾಗ ಬರುತ್ತದೆ. ಕರ್ನಾಟಕದ ರೈತನಿಗೂ ಈ ಬೆಳೆಗೂ ದಾಖಲೆಯಲ್ಲಿ ಉಳಿದಿರುವ ಸಂಬಂಧ ಬಹುತೇಕ ಈ ಎಫ್‌ಐಆರ್‌ಗಳದ್ದೇ. ಇದು ಅನ್ಯಾಯ ಎಂದು ಹೇಳಲು ಹಿಂಜರಿಯಬೇಕಿಲ್ಲ, ಏಕೆಂದರೆ ಅದೇ ಕಾಯ್ದೆಯ 10ನೇ ಕಲಮು ಈ ಗಿಡದ ಕೃಷಿಗೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. 14ನೇ ಕಲಮು ನಾರು, ಬೀಜಕ್ಕಾಗಿ ಬೆಳೆಯಲು ಸರ್ಕಾರ ಅನುಮತಿಸಬಹುದು ಎನ್ನುತ್ತದೆ. 2012ರ ರಾಷ್ಟ್ರೀಯ ಮಾದಕ ವಸ್ತು ನೀತಿಯೂ ಕಡಿಮೆ ಟಿಎಚ್‌ಸಿ ತಳಿಗಳ ಸಂಶೋಧನೆಗೆ ಒಲವು ತೋರಿತ್ತು. ಉತ್ತರಾಖಂಡ 2018ರಲ್ಲಿ ಶೇ. 0.3ರ ಮಿತಿಯೊಂದಿಗೆ ಪರವಾನಗಿ ಕೊಟ್ಟು ಮೊದಲ ರಾಜ್ಯವಾಯಿತು.

ಎಲೆಯ ವಿಷಯ ಕರ್ನಾಟಕ ಹೈಕೋರ್ಟಿನ ಮುಂದೆ 2022ರಲ್ಲಿ ಬಂತು. ಬೇಗೂರು ಪೊಲೀಸರು ಒಬ್ಬ ಆರೋಪಿಯಿಂದ 29 ಕಿಲೋ ಭಂಗಿ, 400 ಗ್ರಾಂ ಗಾಂಜಾ ವಶಪಡಿಸಿಕೊಂಡಿದ್ದರು. ಆ ಭಂಗಿ ಗಾಂಜಾ ಅಥವಾ ಚರಸ್‌ನಿಂದ ತಯಾರಾದದ್ದು ಎನ್ನಲು ಯಾವ ವೈಜ್ಞಾನಿಕ ಆಧಾರವೂ ಇಲ್ಲ, ಭಂಗಿ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ನ್ಯಾಯಮೂರ್ತಿ ಕೆ. ನಟರಾಜನ್ ಜಾಮೀನು ಕೊಟ್ಟರು. ಹಾಗೆಂದು ಇದು ಭಂಗಿ ಅಂಗಡಿ ತೆರೆಯಲು ರಹದಾರಿಯಲ್ಲ. ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಭಂಗಿ ಮಾರಾಟಕ್ಕೆ ಸರ್ಕಾರಿ ಪರವಾನಗಿಯ ವ್ಯವಸ್ಥೆ ಇದ್ದಂತೆ ಇಲ್ಲಿಲ್ಲ. ಜಾಮೀನಿನ ಆದೇಶ ನಂಬಿ ಸರಕು ತರಿಸಿದವನು ಲಾರಿ ತಪಾಸಣೆಯಲ್ಲೇ ಸಿಕ್ಕಿಬೀಳಬಹುದು. ತೆನೆ ಸೇರಿದೆಯೇ ಇಲ್ಲವೇ ಎಂಬುದು ಪ್ರಯೋಗಾಲಯದ ವರದಿ ಬರುವವರೆಗೆ ತೀರ್ಮಾನವಾಗದು, ಅಲ್ಲಿಯವರೆಗೆ ಅವನು ಜೈಲಿನಲ್ಲಿರುತ್ತಾನೆ.

ಬೆಂಗಳೂರಿನ ಹೊಸ ವ್ಯಾಪಾರ

2020ರ ಫೆಬ್ರುವರಿ 1ರಂದು ಕೋರಮಂಗಲದಲ್ಲಿ ವೇದಿ ವೆಲ್‌ನೆಸ್ ಹೆಸರಿನ ಚಿಕಿತ್ಸಾಲಯ ತೆರೆಯಿತು. ವಿಜಯಾ ಆಧಾರಿತ ಔಷಧಿಗಳಿಗೆಂದೇ ಮೀಸಲಾದ ದೇಶದ ಮೊದಲ ಚಿಕಿತ್ಸಾಲಯವೆಂದು ಅದನ್ನು ಬಿಂಬಿಸಲಾಯಿತು. ಹೆಂಪ್‌ಕ್ಯಾನ್ ಸೊಲ್ಯೂಷನ್ಸ್ ಅದರ ಹಿಂದಿತ್ತು. ಇದೇ ಊರಿನಲ್ಲಿ ಇಂಡಿಯಾ ಹೆಂಪ್ ಅಂಡ್ ಕೋ, ನಮ್ರತಾ ಹೆಂಪ್ ಕಂಪನಿಗಳು ಹುಟ್ಟಿದವು. ಗಿಡದ ಪರ ಜನಾಭಿಪ್ರಾಯ ಕಟ್ಟುವ ಗ್ರೇಟ್ ಲೀಗಲೈಸೇಷನ್ ಮೂವ್‌ಮೆಂಟ್ ಇಂಡಿಯಾ ಟ್ರಸ್ಟಿನ ನೆಲೆಯೂ ಬೆಂಗಳೂರೇ. ಎನ್‌ಡಿಪಿಎಸ್ ಕಾಯ್ದೆಯ ಕೆಲವು ಭಾಗಗಳನ್ನು ಪ್ರಶ್ನಿಸಿ ಅದು ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು.

ಬೀಜದ ವ್ಯಾಪಾರಕ್ಕೆ ಗಟ್ಟಿ ನೆಲ ಸಿಕ್ಕಿದ್ದು 2021ರ ನವೆಂಬರಿನಲ್ಲಿ. ಹೆಂಪ್ ಬೀಜ, ಎಣ್ಣೆ, ಹಿಟ್ಟನ್ನು ಆಹಾರವೆಂದು ಒಪ್ಪಿ ಆಹಾರ ಸುರಕ್ಷತಾ ಪ್ರಾಧಿಕಾರ ಅಧಿಸೂಚನೆ ಹೊರಡಿಸಿತು. ಬೀಜದಲ್ಲಿ ಟಿಎಚ್‌ಸಿ ಕಿಲೋಗೆ 5 ಮಿಲಿಗ್ರಾಂ, ಎಣ್ಣೆಯಲ್ಲಿ 10 ಮಿಲಿಗ್ರಾಂ ಮೀರಬಾರದು. ಮತ್ತಿನ ಸೂಚನೆ ಕೊಡುವ ಮಾತಾಗಲಿ ಎಲೆಯ ಚಿತ್ರವಾಗಲಿ ಪೊಟ್ಟಣದ ಮೇಲೆ ಇರಕೂಡದು. ಪ್ರೋಟೀನ್, ಒಮೆಗಾ ಕೊಬ್ಬುಗಳನ್ನು ಹುಡುಕಿ ಕೊಳ್ಳುವ ಮಧ್ಯಮ ವರ್ಗಕ್ಕೆ ಈ ಬೀಜ ಅಗಸೆ, ಚಿಯಾಗಳ ಸಾಲಿನಲ್ಲಿ ಬಂದು ಕೂತಿತು. ಆಹಾರ, ಔಷಧ, ಬಟ್ಟೆ ಎಂಬ ಮೂರು ದಾರಿಗಳಲ್ಲಿ ಕಡಿಮೆ ಅಪಾಯದ್ದು ಇದೇ, ಲಾಭ ತೆಳ್ಳಗಿರುವುದೂ ಇದರಲ್ಲೇ.

ಔಷಧದ ದಾರಿ ಬೇರೆ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯಡಿ ಆಯುಷ್ ಪರವಾನಗಿ ಬೇಕು. ವಿಷಕಾರಿ ದ್ರವ್ಯಗಳ ಇ(1) ಪಟ್ಟಿಯಲ್ಲಿ ಭಂಗಿ ಇರುವುದರಿಂದ ವೈದ್ಯರ ಉಸ್ತುವಾರಿಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆಯೂ ಬೇಕು. ಹಳೆಯ ಗ್ರಂಥಗಳ ಯೋಗವಾದರೆ ದಾರಿ ಸುಲಭ. ಹೊಸ ಸಂಯೋಜನೆಗೆ ಸುರಕ್ಷತೆ ಮತ್ತು ಪರಿಣಾಮದ ಪುರಾವೆ ಒದಗಿಸಬೇಕು. ನೋವು, ನಿದ್ರಾಹೀನತೆ, ಆತಂಕ ಎಲ್ಲಕ್ಕೂ ಒಂದೇ ಎಣ್ಣೆ ಎಂಬ ಪ್ರಚಾರದಿಂದ ಉದ್ಯಮ ತನ್ನ ಮಾನವನ್ನು ತಾನೇ ಕಳೆಯುತ್ತದೆ. ಕಠಿಣ ಪರೀಕ್ಷೆ ದಾಟಿದ್ದು ಕೆಲವೇ ಕೆಲವು ಬಳಕೆಗಳು: ಮಕ್ಕಳಲ್ಲಿ ಕಾಣುವ ಡ್ರಾವೆ, ಲೆನೊಕ್ಸ್-ಗ್ಯಾಸ್ಟೊ ಎಂಬ ಅಪಸ್ಮಾರಗಳಿಗೆ ಶುದ್ಧ ಸಿಬಿಡಿ ಔಷಧಿಗೆ ಅಮೆರಿಕ 2018ರಲ್ಲಿ ಒಪ್ಪಿಗೆ ಕೊಟ್ಟಿದ್ದು ಅವುಗಳಲ್ಲಿ ಮುಖ್ಯ. ಇತ್ತ ಎಳೆವಯಸ್ಸಿನ ಭಾರೀ ಸೇವನೆಗೂ ಮನೋವಿಕಾರಕ್ಕೂ ಇರುವ ನಂಟನ್ನು ಮನೋವೈದ್ಯರು ಒತ್ತಿ ಹೇಳುತ್ತಲೇ ಇದ್ದಾರೆ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ 10ರಿಂದ 75 ವಯಸ್ಸಿನವರಲ್ಲಿ ಶೇ. 2.8ರಷ್ಟು ಮಂದಿ, ಅಂದರೆ ಸುಮಾರು 3.1 ಕೋಟಿ ಜನ, ಹಿಂದಿನ ಒಂದು ವರ್ಷದಲ್ಲಿ ಈ ಗಿಡದ ಯಾವುದೋ ರೂಪವನ್ನು ಬಳಸಿದ್ದರು. ಭಂಗಿಯದ್ದೇ ಅದರಲ್ಲಿ ದೊಡ್ಡ ಪಾಲು.

ನಾರಿನ ಬಟ್ಟೆ ಮೂರನೆಯದು. ಸೊಗಸಾಗಿದೆ, ಬಾಳಿಕೆ ಬರುತ್ತದೆ, ಬೆಲೆ ಹೆಚ್ಚು; ನಾರು ಬಿಡಿಸುವ ಯಂತ್ರಗಳು ದೇಶದಲ್ಲಿ ವಿರಳ.

ವ್ಯಾಪಾರಿಗಳನ್ನು ದಿನನಿತ್ಯ ಕಾಡುವುದು ಪೊಲೀಸರಿಗಿಂತ ಹೆಚ್ಚಾಗಿ ಹಣದ ವ್ಯವಹಾರ. ಆನ್‌ಲೈನ್ ಪಾವತಿ ಸಂಸ್ಥೆಗಳು ಖಾತೆ ನಿಲ್ಲಿಸುತ್ತವೆ, ಬ್ಯಾಂಕು ಸಾಲದ ಅರ್ಜಿಯನ್ನು ಬದಿಗಿಡುತ್ತದೆ, ಗೂಗಲ್, ಫೇಸ್‌ಬುಕ್‌ಗಳ ಜಾಹೀರಾತು ನಿಯಮ ಬಾಯಿ ಕಟ್ಟಿಹಾಕುತ್ತದೆ. ಒಂದು ರಾಜ್ಯದಲ್ಲಿ ಪರವಾನಗಿ ಪಡೆದ ಎಲೆ ಇನ್ನೊಂದರ ಗಡಿ ದಾಟುವಾಗ ಮತ್ತೆ ಕಾಗದಪತ್ರ. ದೊಡ್ಡ ಬಂಡವಾಳ ಇದ್ದವರು ವಕೀಲರನ್ನಿಟ್ಟುಕೊಂಡು ನಿಭಾಯಿಸುತ್ತಾರೆ. ಶಿವಾಜಿನಗರದ ಗ್ರಂಥಿಗೆ ಅಂಗಡಿಯವರಂಥ ಸಣ್ಣ ವ್ಯಾಪಾರಿಗಳು ಈ ಗೋಜಿಗೇ ಬರಲಾರರು.

ಜಗತ್ತು ಮತ್ತು ಕರ್ನಾಟಕ

ಉರುಗ್ವೆ 2013ರಲ್ಲಿ, ಕೆನಡಾ 2018ರ ಅಕ್ಟೋಬರಿನಲ್ಲಿ, ಜರ್ಮನಿ 2024ರ ಏಪ್ರಿಲಿನಲ್ಲಿ ವಯಸ್ಕರ ಬಳಕೆಯನ್ನೇ ಸಕ್ರಮಗೊಳಿಸಿದವು. ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ 2020ರ ಡಿಸೆಂಬರಿನಲ್ಲಿ ಗಾಂಜಾವನ್ನು ಅತಿ ಕಠಿಣ ನಾಲ್ಕನೇ ಪಟ್ಟಿಯಿಂದ 27–25 ಮತಗಳಿಂದ ತೆಗೆದಾಗ ಭಾರತ ಪರವಾಗಿ ಮತ ಹಾಕಿತ್ತು. ಥಾಯ್ಲೆಂಡಿನ ಕಥೆ ಎಚ್ಚರಿಕೆಯದು. 2022ರ ಜೂನಿನಲ್ಲಿ ನಿಯಮಗಳಿಲ್ಲದೆ ಬಾಗಿಲು ತೆರೆದ ಆ ದೇಶ, ಸಾವಿರಾರು ಅಂಗಡಿಗಳು ಎದ್ದ ಮೇಲೆ, 2025ರಲ್ಲಿ ವೈದ್ಯರ ಚೀಟಿ ಕಡ್ಡಾಯ ಮಾಡಿ ಹಿಂದೆ ಸರಿಯಿತು. ನಷ್ಟವಾಗಿದ್ದು ಸಾಲ ಮಾಡಿ ಅಂಗಡಿ ಇಟ್ಟವರಿಗೆ, ಗಿಡ ನೆಟ್ಟವರಿಗೆ.

ಕರ್ನಾಟಕದಲ್ಲಿ ಕೃಷಿಯ ದಾರಿ ತೆರೆಯಬೇಕಾದರೆ ಮೊದಲ ತೊಡಕು ಬೀಜ. ಭಾರತದ ನಾಡ ತಳಿಗಳಲ್ಲಿ ಟಿಎಚ್‌ಸಿ ಹೆಚ್ಚು. ಯುರೋಪಿನ ತಳಿಗಳು ಅಲ್ಲಿನ ಬೇಸಿಗೆಯ ದೀರ್ಘ ಹಗಲಿಗೆ ಒಗ್ಗಿದವು, ನಮ್ಮ ಚಿಕ್ಕ ಹಗಲಿನಲ್ಲಿ ಬೆಳೆಯುವ ಮೊದಲೇ ಹೂ ಬಿಡುತ್ತವೆ. ಉತ್ತರಾಖಂಡದ ರೈತರು ಶೇ. 0.3ರ ಮಿತಿಯೊಳಗೆ ಬೆಳೆ ಉಳಿಸಿಕೊಳ್ಳಲು ಪಟ್ಟ ಪಾಡೂ ಇದೇ. ಮಿತಿ ದಾಟಿದ ಬೆಳೆಯನ್ನು ನಾಶ ಮಾಡಬೇಕಾಗುತ್ತದೆ. ಆ ನಷ್ಟವನ್ನು ಭರಿಸುವವರು ಯಾರು ಎಂಬುದನ್ನು ನಿಯಮ ಬರೆಯುವಾಗಲೇ ತೀರ್ಮಾನಿಸದಿದ್ದರೆ ಹೊರೆ ರೈತನ ಹೆಗಲಿಗೇ ಬೀಳುತ್ತದೆ. ಹಿಮಾಚಲ ಪ್ರದೇಶದ ಸಚಿವ ಸಂಪುಟ 2025ರ ಜನವರಿಯಲ್ಲಿ ಪಾಲಂಪುರ ಮತ್ತು ನೌಣಿಯ ವಿಶ್ವವಿದ್ಯಾಲಯಗಳಿಗೆ ಪ್ರಾಯೋಗಿಕ ಅಧ್ಯಯನ ಒಪ್ಪಿಸಿತು. ಬೆಂಗಳೂರಿನ ಜಿಕೆವಿಕೆ, ಧಾರವಾಡ, ರಾಯಚೂರುಗಳ ಕೃಷಿ ವಿಶ್ವವಿದ್ಯಾಲಯಗಳಿಗೆ ಅಂಥ ತಳಿ ಪರೀಕ್ಷೆ ನಡೆಸುವ ಹೊಲ, ವಿಜ್ಞಾನಿಗಳು, ಪ್ರಯೋಗಾಲಯ ಎಲ್ಲ ಇವೆ. ಬೇಕಿರುವುದು 10ನೇ ಕಲಮಿನಡಿ ರಾಜ್ಯ ಸರ್ಕಾರದ ಒಂದು ನಿಯಮಾವಳಿ.