ಬೇಡಿಕೊಂಡ ಅರಸ

ನವೆಂಬರ್ ಇಪ್ಪತ್ತರಂದು ಇಲ್ಲವೇ ಅದರ ನಂತರ ಬರುವ ಮೊದಲ ಭಾನುವಾರ ನಮ್ಮ ಇಗರ್ಜಿಗಳಲ್ಲಿ ಕ್ರಿಸ್ತರಾಜನ ಹಬ್ಬ. ಪರಮ ಪ್ರಸಾದದ ಮೆರವಣಿಗೆ, ಹೂ ಎರಚುವ ಬಿಳಿ ಫ್ರಾಕಿನ ಹುಡುಗಿಯರು, ಪೀಠದ ಮೇಲೆ ಕಿರೀಟ ತೊಟ್ಟ ಯೇಸುವಿನ ಪ್ರತಿಮೆ. ಚಿಕ್ಕವಳಿದ್ದಾಗ ಆ ಕಿರೀಟ ನನಗೆ ದಸರೆಯ ಕ್ಯಾಲೆಂಡರಿನ ಮಹಾರಾಜರ ಕಿರೀಟದ ಹಾಗೆಯೇ ಕಾಣುತ್ತಿತ್ತು. ದೇವರಿಗೂ ದರ್ಬಾರು ಬೇಕಾಗುತ್ತದೆ ಅಂದುಕೊಂಡಿದ್ದೆ.

ಹಬ್ಬ ಹಳೆಯದೇನಲ್ಲ. 1925ರ ಡಿಸೆಂಬರಿನಲ್ಲಿ ಹನ್ನೊಂದನೆಯ ಪಿಯುಸ್ ಪಾಪು ಇದನ್ನು ಆರಂಭಿಸಿದರು. ಮೊದಲ ಮಹಾಯುದ್ಧ ಮುಗಿದು ರಷ್ಯದ, ಜರ್ಮನಿಯ, ಆಸ್ಟ್ರಿಯದ ಸಿಂಹಾಸನಗಳು ಉರುಳಿಬಿದ್ದಿದ್ದವು. ಇಟಲಿಯಲ್ಲಿ ಮುಸೊಲಿನಿ ಗದ್ದುಗೆ ಏರಿ ಮೂರು ವರ್ಷವಾಗಿತ್ತು. ಮನುಷ್ಯರು ತಮ್ಮ ನಾಯಕರನ್ನೇ ದೇವರು ಮಾಡಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಮುಳ್ಳಿನ ಕಿರೀಟದವನೊಬ್ಬನಿದ್ದಾನೆ ಎಂದು ನೆನಪಿಸಬೇಕೆನಿಸಿತು ಅವರಿಗೆ. ಮೊದಲು ಅಕ್ಟೋಬರಿನಲ್ಲಿದ್ದ ಹಬ್ಬ 1969ರ ಬದಲಾವಣೆಯ ನಂತರ ನವೆಂಬರಿಗೆ ಬಂತು.

ಆದರೆ ಈ ಅರಸುತನದ ಅರ್ಥ ನನಗೆ ಹೊಳೆದದ್ದು ಹಬ್ಬದ ದಿನವಲ್ಲ, ಪವಿತ್ರ ಗುರುವಾರ. ಅಂದು ಪಾದ್ರಿಗಳು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ನಮ್ಮ ಕಡೆ ಮನೆಗೆ ಬಂದವರಿಗೆ ತಂಬಿಗೆಯಲ್ಲಿ ಕಾಲಿಗೆ ನೀರು ಕೊಟ್ಟು, ಆಮೇಲೆ ಬೆಲ್ಲ ನೀರು ಕೊಡುವ ಪದ್ಧತಿ ಇತ್ತಲ್ಲ? ನೀರು ತುಂಬಿಡುತ್ತಿದ್ದವರು ಯಾರು? ಅಜ್ಜಿ, ಅಮ್ಮ, ಇಲ್ಲವೇ ಕೆಲಸದ ಹೆಂಗಸು. ಗಂಡಸರು ಜಗಲಿಯಲ್ಲಿ ಕೂತು ಮಾತಾಡುತ್ತಿದ್ದರು. ತಾನು ಸಾಯುವ ಹಿಂದಿನ ರಾತ್ರಿ ಯೇಸು ಆರಿಸಿಕೊಂಡದ್ದು ಈ ಹೆಂಗಸರ ಕೆಲಸವನ್ನು. ಪೇತ್ರನಿಗೆ ಅದು ಸರಿಬಾರದೆ ಕಾಲು ಹಿಂದಕ್ಕೆಳೆದುಕೊಂಡನಂತೆ. ನಮ್ಮ ಮನೆಯ ಗಂಡಸರಾದರೂ ಅಷ್ಟೇ ಗಾಬರಿಯಾಗುತ್ತಿದ್ದರು!

ಅಂಥ ಅರಸನೊಬ್ಬ ನಮ್ಮ ಜಿಲ್ಲೆಯ ಚರಿತ್ರೆಯಲ್ಲೂ ಸಿಗುತ್ತಾನೆ. ಆತ ಕ್ರೈಸ್ತನಲ್ಲ, ಜೈನ.

1784ರ ಫೆಬ್ರವರಿಯ ಕೊನೆಯ ವಾರ, ಬೂದಿ ಬುಧವಾರದ ಹೊತ್ತಿಗೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕಥೋಲಿಕರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಇಂಗ್ಲಿಷರೊಡನೆ ಯುದ್ಧ ನಡೆದಿತ್ತು. ಇವರು ಅವರಿಗೆ ನೆರವಾದರೆಂಬ ಸಂಶಯ. ಹೋದವರೆಷ್ಟು ಎಂಬುದರಲ್ಲಿ ಚರಿತ್ರಕಾರರ ಲೆಕ್ಕಗಳು ಒಂದಕ್ಕೊಂದು ಹೊಂದುವುದಿಲ್ಲ. ಹತ್ತಾರು ಸಾವಿರ ಎಂಬುದು ಖಚಿತ. ಬಾಣಂತಿಯರು, ಮುದುಕಿಯರು, ಹೊಟ್ಟೆಯಲ್ಲಿ ಮಗುವಿದ್ದವರು, ಎಲ್ಲರೂ ನಡೆದರು. ದಾರಿಯಲ್ಲೇ ಸತ್ತವರು ಬಹಳ. ಉಳಿದವರಿಗೆ ಬಿಡುಗಡೆಯಾದದ್ದು 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ. ಹದಿನೈದು ವರ್ಷ! ತೊಟ್ಟಿಲಲ್ಲಿ ಹೋದ ಮಗು ಮದುವೆಯ ವಯಸ್ಸಿಗೆ ಬಂದಿರುತ್ತದೆ.

ಹಿಂದೆ ಉಳಿದ ಇಗರ್ಜಿಗಳನ್ನು ಕೆಡವಿದರು. ಮಂಗಳೂರಿನ ಮಿಲಾಗ್ರಿಸ್ ಹೋಯಿತು. ಬಂಟ್ವಾಳ ತಾಲೂಕಿನ ಫರಂಗಿಪೇಟೆಯಲ್ಲಿ, ನೇತ್ರಾವತಿಯ ದಂಡೆಯ ಮೋಂತೆ ಮರಿಯಾನೊದ ಗುರುಮಠ ಹೋಯಿತು. ಮೂಡುಬಿದಿರೆಯ ಬಳಿ ಹೊಸಬೆಟ್ಟಿನ ಪವಿತ್ರ ಶಿಲುಬೆಯ ಇಗರ್ಜಿ, ಜನರ ಬಾಯಲ್ಲಿ ಹೊಸ್ಪೆಟ್ ಇಗರ್ಜಿ, ಮಾತ್ರ ಉಳಿಯಿತು. ಮೂಡುಬಿದಿರೆಯ ಚೌಟ ಅರಸ ನಡುವೆ ಬಂದು ಕೇಳಿಕೊಂಡದ್ದರಿಂದ ಉಳಿಯಿತು ಎಂದು ನಮ್ಮ ಚರಿತ್ರೆ ಬರೆದವರು ದಾಖಲಿಸಿದ್ದಾರೆ.

ಕೇಳಿಕೊಂಡ ಎಂಬ ಮಾತನ್ನು ಗಮನಿಸಬೇಕು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ತುಳುನಾಡಿನ ಜೈನ ಅರಸರಿಗೆ ಹೆಸರಿತ್ತೇ ಹೊರತು ಬಲವಿರಲಿಲ್ಲ. ಬಂಗಾಡಿಯ ಬಂಗರು, ವೇಣೂರಿನ ಅಜಿಲರು, ಚೌಟರು, ಎಲ್ಲರದೂ ಅದೇ ಪಾಡು. ಸುಲ್ತಾನನ ಸಿಟ್ಟಿನ ಎದುರು, ಅವನು ಶತ್ರುಗಳೆಂದ ಜನರ ಪರವಾಗಿ ಬಾಯಿ ತೆರೆದರೆ ಇದ್ದುದೂ ಹೋಗಬಹುದಾಗಿತ್ತು. ಇನ್ನೊಂದು ಮಾತು: 16ನೆಯ ಶತಮಾನದಲ್ಲಿ ಶಿಲುಬೆಯ ಧ್ವಜ ಹಿಡಿದು ಬಂದ ಪೋರ್ಚುಗೀಸರು ಉಳ್ಳಾಲವನ್ನು ಸುಟ್ಟಾಗ ಎದುರು ನಿಂತ ರಾಣಿ ಅಬ್ಬಕ್ಕ ಇದೇ ಚೌಟ ವಂಶದವಳು. ಹಳೆಯ ಲೆಕ್ಕ ತೀರಿಸಿಕೊಳ್ಳಲು ಆ ಮನೆತನಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು.

ಈ ಚರಿತ್ರೆಯನ್ನು ಶಾಲೆಯಲ್ಲಿ ಹೇಳುವುದು ಸುಲಭವಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಂಟನೆಯ ತರಗತಿಗೆ ಸೆರೆಯ ಕಥೆಯನ್ನು ನನ್ನ ಅಜ್ಜಿ ಹೇಳಿದ ಹಾಗೆಯೇ, ಕಣ್ಣಲ್ಲಿ ನೀರು ತಂದುಕೊಂಡು ಹೇಳಿಬಿಟ್ಟೆ. ಬೆಳ್ತಂಗಡಿಯ ಗಡಾಯಿಕಲ್ಲಿನ ಮೇಲಿಂದ ಜನರನ್ನು ತಳ್ಳಿದರು ಎಂದೂ ಸೇರಿಸಿದೆ. ಪಾಠ ಮುಗಿದಾಗ ಮೂರನೆಯ ಬೆಂಚಿನ ಒಬ್ಬ ಮುಸ್ಲಿಂ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಮಧ್ಯಾಹ್ನ ಅವಳ ಬುತ್ತಿಯ ಬಳಿ ಯಾರೂ ಕೂರಲಿಲ್ಲ. ಅವಳು ಯಾರ ಇಗರ್ಜಿಯನ್ನು ಕೆಡವಿದ್ದಳು?

ಆಮೇಲೆ ಪುಸ್ತಕ ತಿರುವಿ ನೋಡಿದರೆ, ಗಡಾಯಿಕಲ್ಲಿನ ಜಮಾಲಾಬಾದ್ ಕೋಟೆಯನ್ನು ಟಿಪ್ಪು ಕಟ್ಟಿಸಿದ್ದು 1794ರಲ್ಲಿ, ಸೆರೆಗೆ ಹತ್ತು ವರ್ಷದ ನಂತರ. ಮರಾಠರ ದಂಡು 1791ರಲ್ಲಿ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಮಠಕ್ಕೆ ನೆರವು ಕಳಿಸಿದವನೂ ಇದೇ ಟಿಪ್ಪು. ಇದರಿಂದ ನಮ್ಮ ಹಿರಿಯರ ಸಂಕಟ ಒಂದು ಗುಂಜಿಯಷ್ಟೂ ಕಡಿಮೆಯಾಗುವುದಿಲ್ಲ, ಅದನ್ನು ನಾನು ಯಾರ ಮುಖ ನೋಡಿಯೂ ಮರೆಮಾಚುವವಳಲ್ಲ. ಆದರೆ ಪಾಠ ಹೇಳುವ ಕ್ರಮ ಬದಲಾಯಿಸಿದೆ. ಸೆರೆಯ ಕಥೆಯನ್ನು ಚೌಟ ಅರಸನಿಲ್ಲದೆ ಮತ್ತೆಂದೂ ಹೇಳಿಲ್ಲ.

ಮುಂದಿನ ವರ್ಷದ ಪ್ರವಾಸದಲ್ಲಿ ಮಕ್ಕಳನ್ನು ಮೂಡುಬಿದಿರೆಗೆ ಕರೆದೊಯ್ದೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ ನೋಡಿ, ಚೌಟರ ಅರಮನೆಗೆ ಹೋದೆವು. ಅರಮನೆ ಎಂದರೆ ಮಕ್ಕಳು ಮೈಸೂರನ್ನು ಕಲ್ಪಿಸಿಕೊಂಡಿದ್ದರು. ಇಲ್ಲಿ ನಮ್ಮ ದೊಡ್ಡ ಗುತ್ತಿನ ಮನೆಯಂಥ ಕಟ್ಟಡ. ಮರದ ಕಂಬದಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದ ನವನಾರೀ ಕುಂಜರ, ಐವರು ಸೇರಿ ಕುದುರೆಯಾದ ಪಂಚನಾರೀ ತುರಗ. ಹುಡುಗಿಯರು ಸೊಂಡಿಲು ಯಾರದು, ಬಾಲ ಯಾರದು ಎಂದು ಎಣಿಸುತ್ತ ನಿಂತರು.

ಹೊಸಬೆಟ್ಟಿನ ಇಗರ್ಜಿಯ ಅಂಗಳಕ್ಕೆ ಬಂದಾಗ ಸಂಜೆಯಾಗಿತ್ತು. ಆ ಮೂರನೆಯ ಬೆಂಚಿನವಳು ಹತ್ತಿರ ಬಂದು ಕೇಳಿದಳು: "ಟೀಚರ್, ಆ ರಾಜ ಆಮೇಲೆ ಇಲ್ಲಿಗೆ ಬಂದು ಪ್ರಾರ್ಥನೆ ಮಾಡುತ್ತಿದ್ದನಾ?"

"ಇಲ್ಲ ಮಗಾ, ಅವನು ಅವನ ಬಸದಿಗೇ ಹೋಗುತ್ತಿದ್ದ" ಅಂದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿ, ಬಾವಿಕಟ್ಟೆಯ ಹತ್ತಿರ ನೀರು ಕುಡಿಯುತ್ತಿದ್ದ ಗೆಳತಿಯರ ಕಡೆ ಓಡಿದಳು.